ಆಯ್ತು ಮಾಸ್ಟರ್

ಮಾರ್ಚ್ 4

ಪ್ರೀತಿಯ ಚಿಕ್ಕಮ್ಮ,

ನೀನು ಆ ದ್ವೀಪ ಸೇರಿ ಮೂರು ತಿಂಗಳಾಯಿತು. ಹವಾಮಾನ ಕೇಂದ್ರದ ಹನ್ನೊಂದು ಜನಕ್ಕೆ ಬೇಯಿಸಿ ಹಾಕುವ ನಿನಗೆ ನನ್ನ ಕಾಗದ ಓದಲು ಪುರುಸೊತ್ತು ಸಿಗುತ್ತದೋ ಇಲ್ಲವೋ, ಆದರೂ ಬರೆಯುತ್ತೇನೆ. ಅಲ್ಲಿ ಫೋನು ಹಿಡಿಯುವುದಿಲ್ಲ ಎಂದು ನೀನು ಗೊಣಗುತ್ತೀಯ. ನನಗೇನೋ ಅದೇ ವಾಸಿ. ಫೋನಿನಲ್ಲಾಗಿದ್ದರೆ ನಾನು ಮುಂದೆ ಹೇಳುವುದನ್ನು ಕೇಳಿ ನೀನು ಮೊದಲ ಮಾತಿಗೇ ಕಿರುಚಿಬಿಡುತ್ತಿದ್ದೆ.

ನಮ್ಮ ಹೊಲಿಗೆ ಅಂಗಡಿಗೆ ಊರಿನ ಬ್ಯಾಂಡಿನವರ ಇಪ್ಪತ್ತನಾಲ್ಕು ಕೋಟುಗಳ ಕೆಲಸ ಬಂದಿದೆ. ಅವರ ಬ್ಯಾಂಡಿಗೆ ಐವತ್ತು ವರ್ಷ ತುಂಬುತ್ತಿದೆ. ಏಪ್ರಿಲ್ ಮೂವತ್ತಕ್ಕೆ ದೊಡ್ಡ ಕಾರ್ಯಕ್ರಮ. ಕಡುನೀಲಿ ಬಟ್ಟೆ, ಹಿತ್ತಾಳೆ ಗುಂಡಿ, ಭುಜಕ್ಕೆ ಬಿಳಿ ಪಟ್ಟಿ. ಯಾರ ಕೋಟು ಯಾರದೆಂದು ಗೊತ್ತಾಗಲಿ ಅಂತ ಒಳಜೇಬಿನಲ್ಲಿ ಕೆಂಪು ದಾರದಿಂದ ಒಂದರಿಂದ ಇಪ್ಪತ್ತನಾಲ್ಕರವರೆಗೆ ಸಂಖ್ಯೆ ಹೊಲಿಯಬೇಕು. ಕೇಳಿದಾಗಲೇ ನನ್ನ ಬೆರಳು ಕುಣಿಯಿತು.

ಆದರೆ ಬಟ್ಟೆ ಕತ್ತರಿಸಿ ಕೊಡಬೇಕಾದವರು ಕಟಿಂಗ್ ಮಾಸ್ಟರ್. ಅವರು ಕತ್ತರಿಸದೆ ನಾನು ಹೊಲಿಯುವುದಾದರೂ ಏನನ್ನು? ಬೆಳಗಿನ ಹೊತ್ತು ಅವರ ಮೇಜಿನ ಮೇಲೆ ಯಾರ‍್ಯಾರದೋ ಗೌನು, ಯಾರ‍್ಯಾರದೋ ಪ್ಯಾಂಟು. ಪಕ್ಕದ ಬೀದಿಯ ಅಂಗಡಿಗಳಿಗೆ ಗುಟ್ಟಾಗಿ ಕತ್ತರಿಸಿ ಕೊಡುತ್ತಾರೆ. ನಮ್ಮ ನೀಲಿ ಬಟ್ಟೆ ಬಂದಾಗಿನಿಂದ ಕಪಾಟಿನಲ್ಲಿ ಬೆಚ್ಚಗೆ ಮಲಗಿದೆ.

ಮಧ್ಯಾಹ್ನ ಗಿರಾಕಿಗಳು ಬಂದಾಗ ಮಾಸ್ಟರ್ ಮುಂದಿನ ಕೌಂಟರಿನಿಂದ ಕೂಗುತ್ತಾರೆ, “ಏನಮ್ಮಾ, ಬುಧವಾರಕ್ಕೆ ಆ ಎರಡು ಶರ್ಟು?” ನಾನು ಒಳಗಿನಿಂದ “ಆಯ್ತು ಮಾಸ್ಟರ್” ಅನ್ನುತ್ತೇನೆ. ಹಾಗೇ ಆಗಲಿ, ಮಾಡುತ್ತೇನೆ ಅನ್ನುವ ಅರ್ಥದಲ್ಲಿ. ಅವರು ಗಿರಾಕಿಯ ಕಡೆ ತಿರುಗಿ, “ಕೇಳಿಸ್ತಲ್ಲ ಸ್ವಾಮಿ, ಆಯ್ತಂತೆ. ಬುಧವಾರ ಬಂದು ತಗೊಂಡ್ಹೋಗಿ” ಅನ್ನುತ್ತಾರೆ. ಬುಧವಾರ ಗಿರಾಕಿ ಬಂದಾಗ ಶರ್ಟು ಇನ್ನೂ ಕತ್ತರಿಯ ಮುಖವನ್ನೇ ಕಂಡಿರುವುದಿಲ್ಲ. ಆಗ ಮಾಸ್ಟರ್ ತಲೆ ಚಚ್ಚಿಕೊಂಡು, “ಆಯ್ತು ಅಂದಿದ್ಲು, ನೀವೇ ಕೇಳಿದ್ರಲ್ಲ! ಈ ಹುಡುಗಿ ಜೊತೆ ಏಗೋದು ನನ್ನ ಹಣೆಬರಹ” ಅನ್ನುತ್ತಾರೆ.

ಏನು ಹೇಳಲಿ ಚಿಕ್ಕಮ್ಮ? ಅಂದಿದ್ದು ನಾನೇ ತಾನೇ.

ಕೆಲಸ ಬಂದ ತಾರೀಖನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಅದು ಹೋದ ವಾರ ಮೇಜಿನ ಮೇಲಿಂದ ಮಾಯವಾಯಿತು. ನಮ್ಮ ಯಜಮಾನಿಯವರಿಗೆ ಮಂಡಿನೋವು, ಮಹಡಿ ಇಳಿಯುವುದೇ ಅಪರೂಪ. ಅವರಿಗೆ ಸುದ್ದಿ ಒಯ್ಯುವವರು ಮಾಸ್ಟರ್ ಒಬ್ಬರೇ. “ಬ್ಯಾಂಡಿನ ಕೋಟು ತಡವಾದರೆ ನಿನ್ನನ್ನು ಇಟ್ಟುಕೊಳ್ಳಲಾರೆ” ಎಂದು ಚೀಟಿ ಕಳಿಸಿದ್ದಾರೆ. ಈ ದರ್ಜಿಗಳ ಬೀದಿಯಲ್ಲಿ ಒಮ್ಮೆ ‘ತಡ ಮಾಡುವವಳು’ ಅನ್ನಿಸಿಕೊಂಡರೆ ಇನ್ನೊಬ್ಬರು ಮೆಷಿನ್ ಮುಂದೆ ಕೂರಿಸುವುದಿಲ್ಲ. ಈ ಕೆಲಸ ಬಿಟ್ಟರೆ ನನಗೆ ಬೇರೆ ಏನೂ ಬರುವುದಿಲ್ಲ, ಬರಬೇಕೆಂಬ ಆಸೆಯೂ ಇಲ್ಲ.

ಊಟ ಸರಿಯಾಗಿ ಮಾಡುತ್ತಿದ್ದೇನೆ. ನೀನು ಕೇಳುವ ಮೊದಲೇ ಹೇಳಿಬಿಟ್ಟೆ.

ನಿನ್ನ ಮಗಳು

*

ಮಾರ್ಚ್ 15

ಲೇ ದಬ್ಬಣ,

ನಿನ್ನ ಕಾಗದ ಓದುತ್ತಾ ಒಲೆಯ ಮೇಲಿದ್ದ ಹಾಲು ಉಕ್ಕಿ ಹೋಯಿತು. ಆ ಹಾಲಿನ ಲೆಕ್ಕವೂ ನಿನ್ನ ಮಾಸ್ಟರ್ ತಲೆಯ ಮೇಲೆಯೇ.

ಆರನೆಯ ವಯಸ್ಸಿನಲ್ಲಿ ನಿನಗೆ ‘ದಬ್ಬಣ’ ಎಂದು ಹೆಸರಿಟ್ಟವಳು ನಾನು. ಯಾಕೆ ಗೊತ್ತಾ? ಮೈ ಸೂಜಿಯ ಹಾಗೆ, ಮಾತು ಗೋಣಿಚೀಲ ಹೊಲಿಯುವ ಸೂಜಿಯ ಹಾಗೆ. ಬಂದ ನೆಂಟರನ್ನೆಲ್ಲ ಚುಚ್ಚಿ ಕಳಿಸುತ್ತಿದ್ದೆ. ಅಕ್ಕ ಹೋದ ಮೇಲೆ ನಿನ್ನನ್ನು ಸಾಕಿದ್ದು ‘ಆಯ್ತು ಮಾಸ್ಟರ್’ ಅನ್ನಲಿ ಅಂತಲಾ? ಎಲ್ಲಿ ಹೋಯಿತು ನಿನ್ನ ಮೊನೆ?

ಈಗ ಕಿವಿಗೊಟ್ಟು ಕೇಳು. ಆ ‘ಆಯ್ತು’ ಅನ್ನುವ ಪದವನ್ನು ಇವತ್ತಿನಿಂದ ಬಾಯಲ್ಲಿ ತರಬೇಡ. ಅದು ಎರಡು ಮುಖದ ಪದ. ಒಪ್ಪಿದೆ ಅಂತಲೂ ಆಗುತ್ತೆ, ಮುಗಿಯಿತು ಅಂತಲೂ ಆಗುತ್ತೆ. ಮಾಡುವ ಮೊದಲು ‘ಮಾಡ್ತೀನಿ’ ಅನ್ನು, ಮಾಡಿದ ಮೇಲೆ ‘ಮುಗೀತು’ ಅನ್ನು. ಇನ್ನು ನೋಟ್‌ಬುಕ್ಕು ಮಾಯವಾಯಿತು ಎಂದು ಮೂಗು ಒರೆಸಿಕೊಂಡು ಕೂತಿದ್ದೀಯಲ್ಲ, ನೀನು ದರ್ಜಿಯೋ ಗುಮಾಸ್ತೆಯೋ? ಪೆನ್ನಿನಲ್ಲಿ ಬರೆದದ್ದನ್ನು ಎತ್ತಿಕೊಂಡು ಹೋಗಬಹುದು. ಸೂಜಿಯಲ್ಲಿ ಬರೆದದ್ದನ್ನು?

ನಾನು ಇಲ್ಲಿ ಚೆನ್ನಾಗಿದ್ದೇನೆ. ನಮ್ಮ ಅಧಿಕಾರಿಗಳು ಬಹಳ ಶಿಸ್ತಿನ ಮನುಷ್ಯ. ಒಂದು ಗಂಟೆಗೆ ಸರಿಯಾಗಿ ಊಟ ಬೇಕು ಅನ್ನುತ್ತಾರೆ, ಅಷ್ಟೇ. ಅದಿರಲಿ ಬಿಡು. ಗಾಳಿಗೆ ನನ್ನ ಹಳೆಯ ಕೋಟಿನ ತೋಳು ಹರಿದಿದೆ, ಪಿನ್ನು ಹಾಕಿಕೊಂಡು ಓಡಾಡುತ್ತೇನೆ. ದರ್ಜಿಯನ್ನು ಸಾಕಿದವಳ ಗತಿ ನೋಡು.

ನಿನ್ನ ಚಿಕ್ಕಮ್ಮ

*

ಮಾರ್ಚ್ 24

ಪ್ರೀತಿಯ ಚಿಕ್ಕಮ್ಮ,

ನಿನ್ನ ಕಾಗದ ಇಪ್ಪತ್ತೆರಡನೆಯ ತಾರೀಖು ಬೆಳಗ್ಗೆ ಬಂತು. ಸಾಯಂಕಾಲ ಮಾಸ್ಟರ್ ಎಂಟು ಕೋಟಿಗೆ ಆಗುವಷ್ಟು ಬಟ್ಟೆ ಕತ್ತರಿಸಿ ನನ್ನ ಮೇಜಿನ ಮೇಲೆ ಎಸೆದರು. ತಿಂಗಳ ಮೊದಲೇ ಕೊಡಬೇಕಾಗಿದ್ದ ಬಟ್ಟೆ! ಆ ಕಡೆ ಯಜಮಾನಿಗೆ ಮಾತ್ರ “ಇಪ್ಪತ್ತನಾಲ್ಕೂ ಕೋಟು ಮಾರ್ಚ್ ಒಂದಕ್ಕೇ ಕತ್ತರಿಸಿ ಕೊಟ್ಟಿದೀನಮ್ಮ, ಹೊಲಿಗೇಲಿ ನಿಂತಿದೆ” ಎಂದು ಹೇಳಿ ಇಳಿದರಂತೆ. ನಮ್ಮ ಅಂಗಡಿಯ ಇಸ್ತ್ರಿಯವರು ಕೇಳಿಸಿಕೊಂಡು ಬಂದು ಹೇಳಿದರು.

ನೀನು ಹೇಳಿದ ಹಾಗೆ ‘ಆಯ್ತು’ ಬಿಟ್ಟೆ. ಮಾಸ್ಟರ್ “ಭಾನುವಾರದೊಳಗೆ ಎಂಟು ಕೋಟು?” ಎಂದು ಕೂಗಿದಾಗ ಗಂಟಲು ಸರಿಮಾಡಿಕೊಂಡು “ಮಾಡ್ತೀನಿ” ಅಂದೆ. ಅವರು ಬ್ಯಾಂಡಿನ ಮುಖ್ಯಸ್ಥೆಗೆ ಹೇಳಿದ್ದೇನು ಗೊತ್ತಾ? “ಮಾಡ್ತಿದಾಳಂತೆ. ಅಂದ್ರೆ ಆಯ್ತು ಅಂತಲೇ ಇಟ್ಕೊಳ್ಳಿ!” ಮನುಷ್ಯ ನನ್ನ ಬಾಯಲ್ಲಿ ಇಲ್ಲದ ಪದವನ್ನೂ ತಾನೇ ಹೊಲಿದು ಕೂರಿಸುತ್ತಾರೆ, ಅದೂ ಒಂದು ಸುಕ್ಕಿಲ್ಲದೆ. ಕತ್ತರಿಗಿಂತ ನಾಲಿಗೆ ಹರಿತ. ನನಗೆ ಸಿಟ್ಟಿನ ನಡುವೆಯೂ ನಗು ಬಂತು.

ಆದರೆ ಸೂಜಿಯಲ್ಲಿ ಬರೆ ಅಂದೆಯಲ್ಲ, ನೀನು ಬೈಯಲು ಅಂದದ್ದೋ ಬುದ್ಧಿ ಹೇಳಲು ಅಂದದ್ದೋ ಗೊತ್ತಿಲ್ಲ, ನಾನಂತೂ ಹಾಗೇ ಮಾಡುತ್ತಿದ್ದೇನೆ. ಒಳಜೇಬಿನ ಸಂಖ್ಯೆಯ ಕೆಳಗೆ, ಅದೇ ಕೆಂಪು ದಾರದಲ್ಲಿ, ಅಕ್ಕಿಕಾಳಿನಷ್ಟು ಸಣ್ಣ ಅಕ್ಷರದಲ್ಲಿ ‘ಬಂದದ್ದು’, ‘ಮುಗಿದದ್ದು’ ಅಂತ ಎರಡು ತಾರೀಖು. ಬಟ್ಟೆ ನನ್ನ ಕೈಗೆ ಬಂದದ್ದು ಒಂದು, ಕೋಟು ಮುಗಿದದ್ದು ಇನ್ನೊಂದು. ಮಾಸ್ಟರ್ ಹೊರಗಿನ ಗುಂಡಿ ಎಳೆದು ನೋಡುತ್ತಾರೆಯೇ ಹೊರತು ಒಳಜೇಬಿಗೆ ಕೈ ಹಾಕುವವರಲ್ಲ. ಅದು ಗಿರಾಕಿಯ ಕೈ ಹೋಗುವ ಜಾಗ.

ಹೊಲಿದು ಏನು ಮಾಡುತ್ತೇನೋ ಗೊತ್ತಿಲ್ಲ. ಯಾರಿಗಾದರೂ ತೋರಿಸುವ ಧೈರ್ಯ ಇನ್ನೂ ಬಂದಿಲ್ಲ. ಹೊಲಿದಾಗ ಮಾತ್ರ ಎದೆ ಹಗುರವಾಗುತ್ತದೆ.

ನಿನ್ನ ತೋಳಿಗೆ ಪಿನ್ನು ಹಾಕಬೇಡ, ಕೈ ಕುಯ್ದುಕೊಳ್ಳುತ್ತೀಯ.

ನಿನ್ನ ದಬ್ಬಣ, ಸ್ವಲ್ಪ ಮೊಂಡಾಗಿರುವ

*

ಏಪ್ರಿಲ್ 2

ದಬ್ಬಣ,

ಭೇಷ್! ಆ ಸಣ್ಣ ಕೆಂಪು ತಾರೀಖುಗಳನ್ನು ನೆನೆದು ಹಿಟ್ಟು ನಾದುವಾಗ ಒಬ್ಬಳೇ ನಕ್ಕೆ. ಗಾಳಿಯ ವೇಗ ಅಳೆಯುವ ಹುಡುಗಿ ಬಂದು “ಏನು ಆಂಟಿ, ಖುಷಿಯಾಗಿದೀರ?” ಅಂದಳು. ನಿನ್ನ ಕಥೆ ಹೇಳಿದೆ. ಈಗ ಈ ದ್ವೀಪದಲ್ಲಿ ಎಲ್ಲರಿಗೂ ನಿನ್ನ ಮಾಸ್ಟರ್ ಗೊತ್ತು. ಊಟದ ಮೇಜಿನಲ್ಲಿ ಯಾರಾದರೂ ಸುಳ್ಳು ಹೇಳಿದರೆ “ಏನು ಮಾಸ್ಟರ್!” ಎಂದು ಕರೆಯಲು ಶುರು ಮಾಡಿದ್ದಾರೆ. ಅಧಿಕಾರಿಗಳು ಮಾತ್ರ ಆ ತಮಾಷೆಗೆ ನಗಲಿಲ್ಲ.

ಆದರೆ ಮಗಾ, ಹೊಲಿದರೆ ಸಾಲದು. ಜೇಬಿನೊಳಗಿನ ಸತ್ಯ ತಾನಾಗಿ ಎದ್ದು ಬಂದು ಕೂಗುವುದಿಲ್ಲ. ಒಂದು ದಿನ ನೀನೇ ಬಾಯಿ ಬಿಡಬೇಕು. ಆ ದಿನ ನನಗೆ ಮೊದಲು ಬರೆ. ಉದ್ದಕ್ಕೆ ಬರೆಯಬೇಡ, ಒಂದೇ ಸಾಲು ಸಾಕು, ನನಗೆ ಅರ್ಥವಾಗುತ್ತದೆ.

ಹಿಟ್ಟು ತರುವ ದೋಣಿ ಈ ಸಲವೂ ತಡ. ರೊಟ್ಟಿ ತಡವಾದರೆ ಯಾರ ಮೇಲೆ ಬರುತ್ತೆ ಹೇಳು? ಅದಿರಲಿ ಬಿಡು. ನಿನ್ನ ಗೋಳಿನ ನಡುವೆ ನನ್ನದೊಂದು ಯಾಕೆ.

ಚಿಕ್ಕಮ್ಮ

*

ಏಪ್ರಿಲ್ 12 (ಕಾರ್ಡು)

ಚಿಕ್ಕಮ್ಮ, ಇಲ್ಲಿ ನನ್ನ ಕೆಲಸ ಆಯ್ತು. ಯಜಮಾನಿಯವರೇ ಮಹಡಿ ಇಳಿದು ಬಂದು ಎಲ್ಲರೆದುರು ಹೇಳಿದರು. ಕಣ್ಣು ತುಂಬಿ ಬರುತ್ತಿದೆ, ಹೆಚ್ಚು ಬರೆಯಲಾರೆ. ಉಳಿದ ಕೋಟುಗಳನ್ನು ಮುಗಿಸಿಕೊಡುತ್ತೇನೆ.

*

ಏಪ್ರಿಲ್ 19

ನನ್ನ ಬಂಗಾರದ ದಬ್ಬಣ!

ಆಯ್ತು! ಆಯ್ತು! ಆಯ್ತು! ಇಷ್ಟು ದಿನ ಕೇಳಿದರೆ ಮೈ ಉರಿಯುತ್ತಿದ್ದ ಪದ ನೋಡು, ಇವತ್ತು ಸಕ್ಕರೆಯ ಹಾಗಿದೆ. ಹೇಳಿದ ಕೆಲಸ ಸಾಧಿಸಿಬಿಟ್ಟೆಯಲ್ಲ! ಮಂಡಿನೋವಿನ ಯಜಮಾನಿ ಮೆಟ್ಟಿಲಿಳಿದು ಬಂದು ಎಲ್ಲರೆದುರು ನಿನ್ನನ್ನು ಹೊಗಳಿದರು ಅಂದರೆ ಸಾಮಾನ್ಯದ ಮಾತೇ? ಕಣ್ಣು ತುಂಬದೆ ಇರುತ್ತದೆಯೇ? ನನ್ನದೂ ತುಂಬಿತು, ಕಾರ್ಡಿನ ಮೇಲೆ ಬಿದ್ದು ನಿನ್ನ ಅಕ್ಷರ ಕಲೆಸಿಹೋಯಿತು.

ಉದ್ದಕ್ಕೆ ಬರೆಯಬೇಡ ಅಂದಿದ್ದೆ, ಹಾಗೇ ಮಾಡಿದ್ದೀಯ. ಈ ಜನ್ಮದಲ್ಲಿ ಮೊದಲ ಸಲ ನನ್ನ ಮಾತು ಕೇಳಿದೆ.

ಇದ್ದ ಸಕ್ಕರೆ, ಇದ್ದ ಮೊಟ್ಟೆ ಎಲ್ಲ ಸುರಿದು ದೊಡ್ಡ ಕೇಕು ಮಾಡಿದೆ. ಹನ್ನೊಂದು ಜನಕ್ಕೂ ಹಂಚಿದೆ. ದೋಣಿಯವನಿಗೂ ಒಂದು ತುಂಡು ಕಟ್ಟಿಕೊಟ್ಟೆ. ಬಾಯಿ ತುಂಬ ಹೇಳಿಕೊಂಡೆ: “ನನ್ನ ಮಗಳು ಎಲ್ಲರ ಎದುರಿಗೆ ನಿಂತು ಸತ್ಯ ಹೇಳಿದಳು.” ಗಾಳಿಯ ಹುಡುಗಿ ಎದ್ದು ನಿಂತು ಚಪ್ಪಾಳೆ ತಟ್ಟಿದಳು. ನಾನು ಹುಟ್ಟಿ ಇಷ್ಟು ವರ್ಷಕ್ಕೆ ನನಗಾಗಿ ಯಾರೂ ಚಪ್ಪಾಳೆ ತಟ್ಟಿರಲಿಲ್ಲ ಕಣೇ. ಇವತ್ತು ನಿನ್ನಿಂದ ಅದೂ ಆಯಿತು.

ಹೇಗೆ ಹೇಳಿದೆ, ಯಾರ ಮುಖ ಹೇಗಾಯಿತು, ಎಲ್ಲ ವಿವರವಾಗಿ ಬರೆ.

ನಿನ್ನ ಹೆಮ್ಮೆಯ ಚಿಕ್ಕಮ್ಮ

*

ಏಪ್ರಿಲ್ 27

ಚಿಕ್ಕಮ್ಮಾ, ಚಿಕ್ಕಮ್ಮಾ,

ಮೊದಲು ಕೂತುಕೋ. ಒಲೆಯ ಮೇಲೆ ಹಾಲಿದ್ದರೆ ಇಳಿಸು.

ಅವತ್ತು ‘ಕೆಲಸ ಆಯ್ತು’ ಎಂದು ಬರೆದದ್ದು ಕೆಲಸ ಹೋಯಿತು ಅಂತ. ಯಜಮಾನಿ ಇಳಿದು ಬಂದು, “ಈ ಕೋಟು ಮುಗಿಸ್ಕೊಟ್ಟು ಬೇರೆ ಕಡೆ ನೋಡ್ಕೊಳಮ್ಮ” ಅಂದಿದ್ದರು. ಮೊದಲ ಎಂಟು ಮಾರ್ಚ್ ಮೂವತ್ತಕ್ಕೇ ಬ್ಯಾಂಡಿನವರ ಕೈ ಸೇರಿದ್ದವು. ಎರಡನೆಯ ಎಂಟು ಕೋಟಿನ ಬಟ್ಟೆ ನನ್ನ ಕೈಗೆ ಬಂದದ್ದೇ ಏಪ್ರಿಲ್ ಐದಕ್ಕೆ. ಮಾಸ್ಟರ್ ಲೆಕ್ಕದಲ್ಲಿ ಅವು ತಿಂಗಳಿಂದ ನನ್ನ ಬಳಿ ಕೊಳೆಯುತ್ತಿದ್ದವು. ನಾನು ಏನೆಂದೆ ಗೊತ್ತಾ? “ಆಯ್ತು” ಅಂದೆ! ನನ್ನನ್ನು ಓಡಿಸುವ ಮಾತಿಗೂ “ಆಯ್ತು”.

ಆ ಎರಡು ವಾರ ಹೇಗೆ ಕಳೆದೆ ಎಂದು ಕೇಳಬೇಡ. ಕೊನೆಯ ಎಂಟು ಕೋಟು ಹೊಲಿದೆ. ತಾರೀಖುಗಳನ್ನೂ ಹೊಲಿದೆ, ಯಾಕೋ ಕೈ ಬಿಡಲಿಲ್ಲ.

ನಿನ್ನೆ ಇಪ್ಪತ್ತಾರು. ಇಪ್ಪತ್ತನಾಲ್ಕು ಜನವೂ ಕೋಟು ತೊಟ್ಟು, ವಾದ್ಯ ಹಿಡಿದು ಅಂಗಡಿಗೆ ಬಂದು ಟ್ರಯಲ್ ನೋಡುವ ದಿನ. ಬೆಳಗ್ಗೆ ಹೊರಡುವಾಗ ಅಂಚೆಯವರು ಕೈಗೆ ಕೊಟ್ಟ ನಿನ್ನ ಕಾಗದವನ್ನು ಅಂಗಡಿಯ ಮೆಟ್ಟಿಲ ಮೇಲೆ ಕೂತು ಓದಿದೆ. ಮೊದಲ ಸಾಲಿಗೆ ಅಳು ಬಂತು. ಕೇಕಿನ ಹೊತ್ತಿಗೆ ನಗು ಶುರುವಾಯಿತು. ದೋಣಿಯವನಿಗೂ ಒಂದು ತುಂಡು ಕಟ್ಟಿಕೊಟ್ಟೆ ಅನ್ನುವಲ್ಲಿ ನಗು ತಡೆಯಲಾಗದೆ ಇಸ್ತ್ರಿಯವರು ನೀರು ತಂದುಕೊಟ್ಟರು. ಆಮೇಲೆ ಆ ಚಪ್ಪಾಳೆಯ ಮಾತು ಓದಿದೆ. ಅಲ್ಲಿ ನಗು ನಿಂತಿತು. ನಿನಗೆ ಸಿಕ್ಕಿದ ಚಪ್ಪಾಳೆಯನ್ನು ನಾನು ಹೇಗೆ ವಾಪಸು ಕೇಳಲಿ? ಕಾಗದ ಮಡಚಿ ಜೇಬಿನಲ್ಲಿಟ್ಟುಕೊಂಡು ಒಳಗೆ ಹೋದೆ.

ಬ್ಯಾಂಡಿನ ದೊಡ್ಡ ಡ್ರಮ್ಮಿನವರಿಗೆ ಕೋಟಿನ ಗುಂಡಿ ಮುಚ್ಚಲಿಲ್ಲ. ಹೊಟ್ಟೆ ಒಳಗೆಳೆದರು, ಉಸಿರು ಹಿಡಿದರು, ಕೆಂಪಗಾದರು, ಗುಂಡಿ ಜಗ್ಗಲಿಲ್ಲ. ಮಾಸ್ಟರ್ ಅಳತೆ ತಪ್ಪಿ ಕತ್ತರಿಸಿದ್ದರು. ಸರಿ, ಶುರುವಾಯಿತು. “ಮಾರ್ಚ್ ಒಂದಕ್ಕೇ ಕತ್ತರಿಸಿ ಕೊಟ್ಟಿದ್ದೆ. ಆಯ್ತು ಆಯ್ತು ಅಂತ ತಳ್ಳಿಕೊಂಡು ಬಂದು ಕೊನೇ ಗಳಿಗೇಲಿ ಕೊಟ್ಟಿದಾಳೆ. ಈಗ ರಿಪೇರಿ ಮಾಡೋಕಾದ್ರೂ ಟೈಮೆಲ್ಲಿದೆ?” ಯಜಮಾನಿ ಮೆಟ್ಟಿಲ ಕೊನೆಯಲ್ಲಿ ಕೋಲು ಊರಿಕೊಂಡು ನಿಂತಿದ್ದರು.

ನಾನು ಬಾಯಿ ಬಿಟ್ಟೆ ಚಿಕ್ಕಮ್ಮ. ಧೈರ್ಯ ಬಂದು ಅಲ್ಲ. ಹನ್ನೊಂದು ಜನ ಕೇಕು ತಿಂದಾಗಿದೆಯಲ್ಲ, ಅದು ಸುಳ್ಳಾಗಬಾರದು ಅಂತ.

“ಎಲ್ಲರೂ ಒಂದ್ನಿಮಿಷ,” ಅಂದೆ. ದನಿ ಸ್ವಲ್ಪ ಕೀರಲಾಗಿತ್ತು. “ನಿಮ್ಮ ಒಳಜೇಬನ್ನ ಹೊರಗೆಳೀರಿ. ನಂಬರ್ ಕೆಳಗೆ ಏನಿದೆ, ಗಟ್ಟಿಯಾಗಿ ಓದಿ.”

ಇಪ್ಪತ್ತನಾಲ್ಕು ಬಿಳಿ ಜೇಬುಗಳು ಒಟ್ಟಿಗೆ ನಾಲಿಗೆ ಚಾಚಿದವು. ಬ್ಯಾಂಡಿನ ಮುಖ್ಯಸ್ಥೆ ಮೊದಲು ಓದಿದರು: “ಒಂದನೇ ನಂಬರು. ಬಂದದ್ದು ಮಾರ್ಚ್ ಇಪ್ಪತ್ತೆರಡು, ಮುಗಿದದ್ದು ಮಾರ್ಚ್ ಇಪ್ಪತ್ನಾಲ್ಕು.” ಹಿಂದೆಯೇ ಡ್ರಮ್ಮಿನವರು ತಮ್ಮ ಡ್ರಮ್ಮಿಗೆ ಒಂದು ಪೆಟ್ಟು ಕೊಟ್ಟರು, ಧಬ್! ತಮಾಷೆಗೆ ಕೊಟ್ಟರೋ, ಕೈ ಸುಮ್ಮನಿರದೆ ಕೊಟ್ಟರೋ. ಎರಡನೇ ನಂಬರು, ಧಬ್. ಮೂರನೇ ನಂಬರು, ಧಬ್. ಒಬ್ಬೊಬ್ಬರೂ ಓದುತ್ತ ಹೋದ ಹಾಗೆ ಮಾಸ್ಟರ್ ಕೈಯಲ್ಲಿದ್ದ ಟೇಪು ಸುರುಳಿ ಬಿಚ್ಚುತ್ತ ಬಿಚ್ಚುತ್ತ ನೆಲ ಮುಟ್ಟಿತು.

“ಇದೆಲ್ಲ ನಿನ್ನೆ ಕೂತು ಹೊಲಿದಿದ್ದು!” ಎಂದರು ಮಾಸ್ಟರ್.

ಕ್ಲಾರಿನೆಟ್ಟಿನ ತಾತ ಅಲ್ಲಿಂದಲೇ ಹೇಳಿದರು, “ಅದು ಹೇಗಪ್ಪಾ? ನನ್ನ ಕೋಟು ಮಾರ್ಚ್ ಮೂವತ್ತರಿಂದ ನನ್ನ ಮನೆ ಗೂಟದಲ್ಲಿ ನೇತಾಡ್ತಿದೆ. ಈ ಹುಡುಗಿ ಬಂದು ಹೊಲಿದಿದ್ರೆ ಟೀ ಆದ್ರೂ ಕೊಟ್ಟಿರ್ತಿದ್ದೆ.”

ಅಂಗಡಿಯೆಲ್ಲ ನಗು. ಯಜಮಾನಿ ನಗಲಿಲ್ಲ. ಕನ್ನಡಕ ಹಾಕಿಕೊಂಡು ನಾಲ್ಕು ಜೇಬು ತಾವೇ ಓದಿದರು. ಆಮೇಲೆ ಕೇಳಿದರು, “ಮಾರ್ಚ್ ಒಂದರಿಂದ ಇಪ್ಪತ್ತೆರಡರವರೆಗೆ ನಿಮ್ಮ ಕತ್ತರಿ ಎಲ್ಲಿತ್ತು ಮಾಸ್ಟರ್?” ಇಸ್ತ್ರಿಯವರು ಮಾಸ್ಟರ್ ಮೇಜಿನ ಕೆಳಗಿನ ಖಾನೆ ಎಳೆದರು. ಪಕ್ಕದ ಬೀದಿಯ ಗೌನುಗಳೆಲ್ಲ ಅಲ್ಲಿದ್ದವು, ನನ್ನ ನೋಟ್‌ಬುಕ್ಕೂ ಅಲ್ಲಿತ್ತು.

ಯಜಮಾನಿ ನನ್ನ ಹತ್ತಿರ ಬಂದು ಕೈ ಹಿಡಿದುಕೊಂಡರು. “ಮೇಲೆ ಕೂತಿದ್ದ ನನಗೆ ದಿನಾ ನಿನ್ನ ಒಂದೇ ಮಾತು ಕೇಳ್ತಿತ್ತು, ಆಯ್ತು, ಆಯ್ತು ಅಂತ. ಇವಳು ಬಾಯಲ್ಲೇ ಮುಗಿಸ್ತಾಳೆ ಅಂದ್ಕೊಂಡಿದ್ದೆ. ತಪ್ಪಾಯ್ತು ಕಣಮ್ಮ.” ಮಾಸ್ಟರ್ ಕಡೆ ತಿರುಗಿ, “ನಾಳೆಯಿಂದ ಪಕ್ಕದ ಬೀದೀಲೇ ಕತ್ತರಿಸಿ. ಆಯ್ತಾ?” ಅಂದರು.

ಮಾಸ್ಟರ್ ತಲೆ ತಗ್ಗಿಸಿ “ಆಯ್ತು” ಅಂದರು. ಡ್ರಮ್ಮಿನವರು ಧಬ್ ಅಂದರು.

ಡ್ರಮ್ಮಿನವರ ಕೋಟಿಗೆ ಎರಡೂ ಪಕ್ಕದ ಒಳಬಟ್ಟೆ ಬಿಚ್ಚಿ ಎರಡೆರಡು ಬೆರಳು ಸಡಿಲ ಮಾಡಿದ್ದೇನೆ. ಇವತ್ತು ಬಂದು ತೊಟ್ಟುಕೊಂಡು, ಕನ್ನಡಿಯ ಮುಂದೆ ಮೂರು ಸಲ ಕೂತು ಎದ್ದು ನೋಡಿ ಹೋದರು. ಕೌಂಟರಿನಲ್ಲಿ ತಾರೀಖು ಕೊಡುವ ಕೆಲಸ ಇನ್ನು ನನ್ನದೇ. ಈಗ ಯಾರಾದರೂ “ಬುಧವಾರಕ್ಕೆ ಆಗುತ್ತಾ?” ಎಂದರೆ ಬಟ್ಟೆ ನೋಡುತ್ತೇನೆ, ಕೈಲಿರುವ ಕೆಲಸ ನೋಡುತ್ತೇನೆ, “ಶುಕ್ರವಾರ” ಅನ್ನುತ್ತೇನೆ. ಎಷ್ಟು ಸುಖ ಗೊತ್ತಾ ಚಿಕ್ಕಮ್ಮ, ಶುಕ್ರವಾರ ಅನ್ನುವುದು!

ನಿನ್ನ ಕೇಕು ಸುಳ್ಳಾಗಲಿಲ್ಲ. ಸ್ವಲ್ಪ ಬೇಗ ಬೆಂದಿತ್ತು ಅಷ್ಟೇ.

ದಬ್ಬಣ

*

ಮೇ 6

ನನ್ನ ದಬ್ಬಣ,

ಓದಿದೆ. ಮೊದಲು ನನ್ನ ತಲೆಗೆ ನಾನೇ ಮೊಟಕಿಕೊಂಡೆ. ನೀನು ಅಳುತ್ತಾ ಕೂತಿದ್ದಾಗ ನಾನು ಇಲ್ಲಿ ಕೇಕು ಕತ್ತರಿಸುತ್ತಿದ್ದೆನಲ್ಲೇ! ‘ಆಯ್ತು’ ಎರಡು ಮುಖದ ಪದ ಎಂದು ನಿನಗೆ ಪಾಠ ಹೇಳಿದವಳೇ ಅದರ ಮೇಲೆ ಕಾಲಿಟ್ಟು ಜಾರಿದೆ. ಆಮೇಲೆ ಕಾಗದವನ್ನು ಊಟದ ಮೇಜಿನ ಮೇಲೆ ಜೋರಾಗಿ ಓದಿದೆ. ಪ್ರತಿ ನಂಬರಿಗೂ ಗಾಳಿಯ ಹುಡುಗಿ ಪಾತ್ರೆಯ ಮೇಲೆ ಸೌಟಿನಿಂದ ಧಬ್ ಅನ್ನಿಸಿದಳು.

ಇನ್ನು ನಾನು ಮುಚ್ಚಿಟ್ಟ ವಿಷಯ. ‘ಅದಿರಲಿ ಬಿಡು’ ಎಂದು ಎರಡು ಸಲ ಬರೆದಿದ್ದೆ, ನೀನು ಬಿಟ್ಟೇಬಿಟ್ಟೆ! ಇಲ್ಲಿಯ ಅಧಿಕಾರಿ ಹಿಟ್ಟು, ಬೇಳೆಯ ಪಟ್ಟಿಗೆ ವಾರಗಟ್ಟಲೆ ಸಹಿ ಹಾಕುವುದಿಲ್ಲ. ದೋಣಿ ಬರಿದಾಗಿ ಬರುತ್ತದೆ. ಊಟ ತಡವಾದಾಗ ದಾಖಲೆಯಲ್ಲಿ ‘ಅಡುಗೆಯವರ ನಿಧಾನ’ ಎಂದು ಬರೆಯುತ್ತಾರೆ. ಮೂರು ಸಲ ಬರೆದರು. ಮೂರು ಸಲವೂ ನಾನು ಏನೆಂದೆ ಹೇಳು. “ಆಯ್ತು ಸರ್.” ನಿನಗೆ ಮೊನೆ ಎಲ್ಲಿ ಎಂದು ಬೈದವಳು ನಾನೇ. ಬೈಯುವುದು ಸುಲಭ ಕಣೇ, ಅದರಲ್ಲೂ ಕಾಗದದಲ್ಲಿ.

ನಿನ್ನ ಕಾಗದ ಬಂದ ಮರುದಿನ ಬೆಳಗ್ಗೆ ರೊಟ್ಟಿಯ ಹಿಟ್ಟನ್ನು ಬ್ರೆಡ್ಡಿನ ಹಾಗೆ ಉದ್ದಕ್ಕೆ ಹೊಸೆದು, ಒಲೆಗೆ ಇಡುವ ಮೊದಲು ಮೇಲ್ಮೈಯ ಮೇಲೆ ಚಾಕುವಿನಿಂದ ಕೊರೆದೆ: ‘ಪಟ್ಟಿ ಕೊಟ್ಟದ್ದು 8, ಸಹಿಯಾದದ್ದು 23.’ ಬೆಂದು ಕೆಂಪಾದಾಗ ಅಕ್ಷರ ಎಷ್ಟು ಚೆನ್ನಾಗಿ ಉಬ್ಬಿ ಬಂದಿತ್ತು ಅಂತೀ! ಹನ್ನೊಂದು ಜನರೂ ಓದಿದರು. ಅಧಿಕಾರಿಗಳ ಪಾಲಿಗೆ ಬಂದ ತುಂಡಿನಲ್ಲಿ ‘23’ ಇತ್ತು. ಅವರು ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ಬೆಣ್ಣೆ ಹಚ್ಚಿಕೊಂಡು ತಿಂದರು. ಈ ವಾರದ ಪಟ್ಟಿಗೆ ಅದೇ ದಿನ ಸಹಿ ಬಿತ್ತು, ದಾಖಲೆಯಲ್ಲಿ ಆ ಮೂರು ಸಾಲಿನ ಮೇಲೆ ಗೀಟೂ ಬಿತ್ತು.

ಈ ತಿಂಗಳ ಕೊನೆಗೆ ನನ್ನ ಅವಧಿ ಮುಗಿಯುತ್ತದೆ. ನಿನ್ನಲ್ಲಿಗೇ ಬರುತ್ತೇನೆ. ಹರಿದ ತೋಳಿನಲ್ಲಿ ಬರಲು ನಾಚಿಕೆ, ನನ್ನ ಮಗಳು ಈಗ ಕೌಂಟರಿನವಳು. ಒಂದು ಕೋಟು ಬೇಕಿತ್ತು. ಅಳತೆ ನಿನಗೆ ಗೊತ್ತಿದೆ. ಸೊಂಟದ ಹತ್ತಿರ ಎರಡು ಬೆರಳು ಜಾಸ್ತಿ ಬಿಡು, ಕೇಕಿನ ಪ್ರಭಾವ.

ದೋಣಿ ಹೊರಡುವ ಮೊದಲು ಆಗುತ್ತಾ?

ಚಿಕ್ಕಮ್ಮ

*

ಮೇ 18

ಚಿಕ್ಕಮ್ಮ,

ಆಯ್ತು.

ಹೆದರಬೇಡ, ಕೇಕನ್ನೂ ಮಾಡಬೇಡ. ಇದು ಮಾಡುತ್ತೇನೆ ಅನ್ನುವ ‘ಆಯ್ತು’ ಅಲ್ಲ, ಕೆಲಸ ಹೋಯಿತು ಅನ್ನುವ ‘ಆಯ್ತು’ ಕೂಡ ಅಲ್ಲ. ಈ ಕಾಗದದ ಜೊತೆಗಿರುವ ಪೊಟ್ಟಣ ಬಿಚ್ಚಿ ನೋಡು. ತೊಟ್ಟುಕೊಂಡ ಮೇಲೆ ಒಳಜೇಬು ಹೊರಗೆಳೆದು ಓದು: ನಿನ್ನ ಕಾಗದ ಬಂದದ್ದು 13, ಕೋಟು ಮುಗಿದದ್ದು 17.

ಕೆಳಗೆ ಮೂರನೆಯ ತಾರೀಖಿಗೆ ಜಾಗ ಬಿಟ್ಟಿದ್ದೇನೆ. ಕೆಂಪು ದಾರವನ್ನು ಕತ್ತರಿಸಿಲ್ಲ, ಸೂಜಿ ಜೇಬಿನಲ್ಲೇ ಇದೆ, ಚುಚ್ಚಿಕೊಂಡೀಯ ಜೋಕೆ. ನೀನು ಬಂದು ಇಳಿದ ದಿನ, ಕೋಟು ಬಿಚ್ಚುವ ಮೊದಲೇ, ನಾನು ಅದನ್ನು ಹೊಲಿಯುತ್ತೇನೆ.

ದಬ್ಬಣ